ಬ್ಯಾರನ್ನಿನಲ್ಲಿ ಬೆಂದ ಹಾಸಿಗೆ

ನನ್ನ ಗಂಡ ಕೃಷಿ ಇಲಾಖೆಯಲ್ಲಿ ಅಧಿಕಾರಿ. ಕೆ.ಆರ್. ನಗರ ತಾಲ್ಲೂಕಿನ ಭತ್ತಕ್ಕೆ ಯಾವ ಹುಳ ಬಿದ್ದಿದೆ, ಅದು ಎಲೆಯ ಮೇಲೆ ಕೂರುತ್ತದೋ ಅಡಿಯಲ್ಲೋ, ಮೊಟ್ಟೆ ಇಟ್ಟ ಎಷ್ಟನೇ ದಿನಕ್ಕೆ ಮರಿಯಾಗುತ್ತದೆ ಎಂಬುದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ. ಚುಂಚನಕಟ್ಟೆ ಕಡೆಯ ರೈತರು ಒಣಗಿದ ಸುಳಿಯ ಫೋಟೊ ತೆಗೆದು ವಾಟ್ಸಾಪಿಗೆ ಕಳಿಸಿದರೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಉತ್ತರ ಬರೆಯುತ್ತಾರೆ. ಇಂಥ ಕೀಟ ಪಂಡಿತರ ಬೆನ್ನಿನ ಮೇಲೆ ಆಷಾಢದ ಒಂದು ಬೆಳಿಗ್ಗೆ ಸಾಲು ಹಿಡಿದು ಕೆಂಪು ಗಂಧೆಗಳು ಎದ್ದಾಗ ಅವರು ಕನ್ನಡಿಯ ಮುಂದೆ ತಿರುಗಿ ನಿಂತು, ಕತ್ತು ಹೊರಳಿಸಿ ನೋಡಿ, ಕೊಟ್ಟ ತೀರ್ಪು ಒಂದೇ ಮಾತು.

"ನಂಜು."

ನಂಜು ಎಂದ ಮೇಲೆ ಅದಕ್ಕೆ ಕಾರಣ ಬೇಕಲ್ಲ. ಕಾರಣ ಅಡುಗೆಮನೆಯಲ್ಲಿ ಸಿಕ್ಕಿತು. ಹಿಂದಿನ ಭಾನುವಾರ ನಾನು ಮಾಡಿದ್ದ ಬದನೆಕಾಯಿ ಎಣ್ಣೆಗಾಯಿ. ಹಾಗಾಗಿ ಬದನೆಕಾಯಿ ನಿಂತಿತು. ಗಂಧೆ ನಿಲ್ಲಲಿಲ್ಲ. ಒಣಮೀನು ನಿಂತಿತು. ಕೋಳಿ ನಿಂತಿತು. ಕಡಲೆಕಾಯಿ ಬೀಜದ ಚಟ್ನಿ, ಮಾವಿನಕಾಯಿ ಉಪ್ಪಿನಕಾಯಿ ಎಲ್ಲ ಒಂದೊಂದಾಗಿ ನಮ್ಮ ಮನೆ ಬಿಟ್ಟು ಹೋದವು. ಮೂರು ವಾರ ಕಳೆಯುವ ಹೊತ್ತಿಗೆ ಮುದ್ದೆಯ ಜೊತೆ ಹೆಸರುಬೇಳೆ ಸಾರು ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಅಷ್ಟರಲ್ಲಿ ಗಂಧೆಗಳು ನನ್ನ ತೋಳಿಗೂ ಬಂದಿದ್ದವು. ಊರಿನ ಚರ್ಮದ ಡಾಕ್ಟರು ಹಚ್ಚಲು ಟ್ಯೂಬು ಬರೆದು, "ಕೆಲಸದಲ್ಲಿ ಟೆನ್ಷನ್ ಇದೆಯಾ?" ಎಂದು ಕೇಳಿದರು. ನಾನು ಭೇರ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಗಣಿತ ಹೇಳುತ್ತೇನೆ ಎಂದೆ. ಅವರು ಪಾಪ ಎನ್ನುವಂತೆ ತಲೆಯಾಡಿಸಿ ಇನ್ನೂ ಎರಡು ಮಾತ್ರೆ ಸೇರಿಸಿದರು.

ನಿಜವಾದ ರೋಗ ಕಂಡುಹಿಡಿದವರು ನನ್ನ ಅತ್ತೆ. ಎಪ್ಪತ್ತು ದಾಟಿದ ಹೆಂಗಸು, ಮೂರನೇ ತರಗತಿಗೆ ಸ್ಕೂಲು ಬಿಟ್ಟವರು. ಊರಿನ ಜಮೀನನ್ನು ಕಿರಿಯ ಮಗ ನೋಡಿಕೊಳ್ಳುತ್ತಾನೆ. ಇವರು ನಮ್ಮ ಜೊತೆ ಇದ್ದು ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಾರೆ. ನಡುಮನೆಯಲ್ಲಿ ಚಾಪೆ ಹಾಸಿ ಮಲಗುವುದು ಅವರ ರೂಢಿ, ಹಾಗಾಗಿ ಅವರಿಗೆ ಕಡಿತ ತಟ್ಟಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಒಗೆಯಲು ನಮ್ಮ ದಿಂಬಿನ ಚೀಲ ಕಳಚುತ್ತಿದ್ದವರು ನಿಂತರು. ಚೀಲದ ಮೇಲಿದ್ದ ಕಂದು ಕಲೆಯನ್ನು ಬೆರಳಿನಲ್ಲಿ ಉಜ್ಜಿದರು. ಮೂಗಿಗೆ ಹಿಡಿದರು.

"ಲೋ, ಬಾರ್ಲಾ ಇಲ್ಲಿ," ಎಂದು ಮಗನನ್ನು ಕರೆದರು. "ಅದೇನ್ಲಾ ನಂಜು ನಂಜು ಅಂತ ಬಾಯ್ ಕಟ್ಕಂಡ್ ಕುಂತಿದ್ದೀಯ? ತಿಗ್ಣೆ ಕಣ್ಲಾ ಇದು!"

"ಈ ಕಾಲದಲ್ಲಿ ತಿಗಣೆ ಎಲ್ಲಮ್ಮ ಇರ್ತವೆ? ನಮ್ದು ಟೈಲ್ಸ್ ಹಾಕಿರೋ ಮನೆ."

ಟೈಲ್ಸಿಗೂ ತಿಗಣೆಗೂ ಏನು ಒಪ್ಪಂದವಾಗಿತ್ತೋ ನನಗೆ ಗೊತ್ತಿಲ್ಲ. ಅತ್ತೆ ವಾದಕ್ಕೆ ಇಳಿಯಲಿಲ್ಲ. ತಲೆಯಿಂದ ಹೇರ್‌ಪಿನ್ ತೆಗೆದು, ಹಾಸಿಗೆಯ ಮೂಲೆ ಎತ್ತಿ, ಮಂಚದ ಕಾಲು ಮತ್ತು ಪಟ್ಟಿ ಸೇರುವ ಸಂದಿಗೆ ತೂರಿಸಿ ಒಂದು ಸಲ ಎಳೆದರು. ಬಂದವು. ದೊಡ್ಡವು, ಚಿಕ್ಕವು, ರಕ್ತ ಕುಡಿದು ಉಬ್ಬಿದವು, ಹಸಿದು ತೆಳ್ಳಗಾದವು. ಒಂದನ್ನು ಅತ್ತೆ ಉಗುರಿನಲ್ಲಿ ಹೊಸಕಿ ಹಾಕಿದರು. ಕೊಳೆತ ಕೊತ್ತಂಬರಿ ಸೊಪ್ಪಿನಂಥ ವಾಸನೆ ಕೋಣೆಗೆಲ್ಲ ಹಬ್ಬಿತು.

ನಾನು ಮೂಗು ಮುಚ್ಚಿಕೊಂಡು ಕಿಟಕಿ ತೆರೆದೆ. ನನ್ನ ಗಂಡನಿಗೆ ಖುಷಿ ಬಂತು. ಆಫೀಸಿನ ಬ್ಯಾಗಿನಿಂದ ಭೂತಗನ್ನಡಿ ತಂದು ಮಂಚದ ಪಕ್ಕ ಮಂಡಿಯೂರಿ ಕೂತು, "ನೋಡೇ, ಇದಿನ್ನೂ ಮರಿ. ಐದು ಸಲ ಪೊರೆ ಬಿಟ್ಟ ಮೇಲೆ ದೊಡ್ಡದಾಗೋದು. ಪ್ರತಿ ಸಲ ಪೊರೆ ಬಿಡೋಕೂ ಒಂದು ಹೊಟ್ಟೆ ರಕ್ತ ಬೇಕು," ಎಂದು ವಿವರಿಸತೊಡಗಿದರು. ಯಾರ ರಕ್ತ ಎಂದು ನಾನು ಕೇಳಲಿಲ್ಲ. ಮೂರು ವಾರ ಬದನೆಕಾಯಿಯನ್ನು ಜೈಲಿಗೆ ಹಾಕಿದ್ದಕ್ಕೆ ಕ್ಷಮೆಯನ್ನೂ ಅವರು ಕೇಳಲಿಲ್ಲ.

ಆಮೇಲೆ ಶುರುವಾದದ್ದು ತಿಗಣೆ ಎಲ್ಲಿಂದ ಬಂತು ಎಂಬ ವಿಚಾರಣೆ. ನಾನು ದಿನಾ ಹತ್ತುವ ಬಸ್ಸಿನ ಸೀಟಿನಿಂದ ಎಂದು ಅವರು. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಅವರ ಚಿಕ್ಕಪ್ಪನ ಮಗನ ಮದುವೆಗೆ ಹೋದಾಗ ಛತ್ರದ ಜಮಖಾನದ ಮೇಲೆ ಉರುಳಿಕೊಂಡಿದ್ದರಿಂದ ಎಂದು ನಾನು. ನನ್ನ ವಿದ್ಯಾರ್ಥಿಗಳ ನೋಟ್‌ಬುಕ್ಕಿನಿಂದ ಎಂದು ಅವರು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಒಬ್ಬರ ನೆಂಟರ ಬಗ್ಗೆ ಇನ್ನೊಬ್ಬರು ನುಂಗಿಕೊಂಡಿದ್ದ ಮಾತೆಲ್ಲ ಆ ಎರಡು ದಿನದಲ್ಲಿ ಹೊರಗೆ ಬಂತು. ತಿಗಣೆ ಹೊರಗೆ ಬರಲಿಲ್ಲ.

ಮೂರನೇ ದಿನ ಮಂಚದ ಅಡಿ ಗುಡಿಸಲು ಹೋಗಿ ಒಂದು ಕಪ್ಪು ಬ್ಯಾಗನ್ನು ಎಳೆದೆ. ಬೇಸಿಗೆಯಲ್ಲಿ ಅವರು ಮೂರು ದಿನದ ತರಬೇತಿಗೆ ಹೋಗಿ, ಅಲ್ಲಿನ ಹಾಸ್ಟೆಲಿನಲ್ಲಿ ಉಳಿದು ಬಂದಾಗ ತಂದಿದ್ದು. ಬಂದವರು ಬಟ್ಟೆ ತೆಗೆದುಕೊಂಡು ಬ್ಯಾಗನ್ನು ಹಾಗೇ ಮಂಚದಡಿ ನೂಕಿದ್ದರು. ಜಿಪ್ಪಿನ ಹೊಲಿಗೆಯುದ್ದಕ್ಕೂ ಕರಿ ಚುಕ್ಕೆ, ಪೊರೆ, ಮೊಟ್ಟೆ, ಸಂಸಾರಸಮೇತ ಜೀವಂತ ತಿಗಣೆಗಳು. ಒಳಗೆ ಲ್ಯಾಮಿನೇಟ್ ಮಾಡಿದ ಪ್ರಮಾಣಪತ್ರ. ಸಮಗ್ರ ಕೀಟ ನಿರ್ವಹಣೆ ಕುರಿತ ವಸತಿ ತರಬೇತಿಯನ್ನು ಶ್ರೀಯುತರು ಯಶಸ್ವಿಯಾಗಿ ಪೂರೈಸಿದ್ದಾರೆ ಎಂದು ಅದರಲ್ಲಿ ಬರೆದಿತ್ತು.

ನಾನು ಬ್ಯಾಗನ್ನೂ ಪ್ರಮಾಣಪತ್ರವನ್ನೂ ಹಿತ್ತಲಿಗೆ ಒಯ್ದು ಅವರ ಮುಂದೆ ಇಟ್ಟೆ. ಅವರು ಪ್ರಮಾಣಪತ್ರವನ್ನಷ್ಟೇ ಎತ್ತಿಕೊಂಡು ಧೂಳು ಒರೆಸಿದರು.

"ಕಾಕತಾಳೀಯ," ಎಂದರು.

ಅಂದಿನಿಂದ ಯುದ್ಧ ಆರಂಭವಾಯಿತು. ಮೊದಲ ನಿಯಮ, ಯಾರಿಗೂ ಗೊತ್ತಾಗಬಾರದು. ಸಕ್ಕರೆ ಕಾಯಿಲೆ ಇದ್ದರೆ ಜನ ಜಂಬದಿಂದ ಹೇಳಿಕೊಳ್ಳುತ್ತಾರೆ, ತಿಗಣೆ ಇದೆ ಎಂದು ಯಾರು ಹೇಳುತ್ತಾರೆ? ಟೀಚರಮ್ಮನ ಮನೆ, ಕೃಷಿ ಸಾಹೇಬರ ಮನೆ ಎಂದು ಬೀದಿಯಲ್ಲಿ ಒಂದು ಮರ್ಯಾದೆ ಇತ್ತು. ಮೈಸೂರಿನ ಹಾಸ್ಟೆಲಿನಲ್ಲಿದ್ದ ಮಗಳು ಗೌರಿ ಹಬ್ಬಕ್ಕೆ ಬರುತ್ತೇನೆ ಎಂದು ಫೋನು ಮಾಡಿದಾಗ, "ಬೇಡಮ್ಮ, ಇಲ್ಲಿ ಸ್ವಲ್ಪ ಪರಿಸ್ಥಿತಿ ಸರಿಯಿಲ್ಲ, ದಸರೆಗೆ ಬಾ," ಎಂದೆ. ಅವಳು "ಸರಿ," ಎಂದು ಇಟ್ಟಳು. ಅವಳ ಬಟ್ಟೆಗಳ ಜೊತೆ ಹಾಸ್ಟೆಲಿಗೂ ತಿಗಣೆ ಹೋದೀತೆಂದು ನನ್ನ ಭಯ. ಅದನ್ನು ಅವಳಿಗೂ ಹೇಳಲಾರದಷ್ಟು ನಾಚಿಕೆ.

ಅತ್ತೆಗೆ ಗೊತ್ತಿದ್ದ ಮದ್ದು ಸೀಮೆಎಣ್ಣೆ. "ಸಂದಿಗೆಲ್ಲ ಸುರ್ದುಬುಟ್ರೆ ಮುಗೀತು," ಎಂದರು. ಸೀಮೆಎಣ್ಣೆ ಈಗ ರೇಷನ್ ಅಂಗಡಿಯಲ್ಲಿ ಕೊಡುವುದಿಲ್ಲ ಎಂದರೆ ನಂಬಲಿಲ್ಲ. ಮಗ ಬೆಂಕಿಯ ಅಪಾಯ ವಿವರಿಸಿದರು. ಹಾಗಾದರೆ ಹೊಲಕ್ಕೆ ಹೊಡೆಯುವ ಔಷಧಿಯನ್ನಾದರೂ ತಾ ಎಂದರು ಅತ್ತೆ. ಬೆಳೆಯ ಔಷಧಿಯನ್ನು ಮಲಗುವ ಕೋಣೆಗೆ ತಂದರೆ ತಿಗಣೆಗಿಂತ ಮೊದಲು ಯಾರು ಹೋಗುತ್ತಾರೆ ಎಂಬುದರ ಬಗ್ಗೆ ಅರ್ಧ ಗಂಟೆ ಭಾಷಣವಾಯಿತು. ಇಡೀ ಪ್ರಕರಣದಲ್ಲಿ ನನ್ನ ಗಂಡ ಆಡಿದ ಸರಿಯಾದ ಮಾತು ಅದೊಂದೇ ಆದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಉಳಿದದ್ದು ಬಿಸಿನೀರು, ಲಕ್ಕಿ ಸೊಪ್ಪಿನ ಹೊಗೆ ಮತ್ತು ಬಿಸಿಲು. ಬಿಸಿನೀರು ಹುಯ್ದು ಹುಯ್ದು ಮಂಚದ ಪಾಲಿಶ್ ಹೋಯಿತು. ಲಕ್ಕಿ ಸೊಪ್ಪಿನ ಹೊಗೆಗೆ ನಾವು ಮೂವರೂ ಕೆಮ್ಮಿದೆವು, ತಿಗಣೆಗಳು ಪಕ್ಕದ ಕೋಣೆಗೆ ಹೋಗಿ ವಿಶ್ರಾಂತಿ ತೆಗೆದುಕೊಂಡವು. ಮಂಚದ ಮತ್ತು ದಿವಾನದ ಕಾಲುಗಳನ್ನು ನೀರು ತುಂಬಿದ ಬೋಗುಣಿಗಳಲ್ಲಿ ಇಟ್ಟೆವು. ಇನ್ನು ಬಿಸಿಲು. ಶ್ರಾವಣ, ಭಾದ್ರಪದದಲ್ಲಿ ನಮ್ಮ ಕಡೆ ಬಿಸಿಲು ಬಂದರೆ ಐದು ನಿಮಿಷಕ್ಕೆ ಹನಿ ಬೀಳುತ್ತದೆ. ಹಾಸಿಗೆ ಹೊತ್ತು ತಾರಸಿಗೆ ಹತ್ತುವುದು, ಮೋಡ ಕಂಡರೆ ಹೊತ್ತು ಇಳಿಯುವುದು. ನನ್ನ ಮಂಡಿ ನೋವಿಗೆ ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರು. ತಿಗಣೆಗಳಿಗೆ ಆ ಚೀಟಿ ತೋರಿಸಲು ಆಗುವುದಿಲ್ಲವಲ್ಲ.

ದಿನವೂ ತಾರಸಿಯಲ್ಲಿ ಹಾಸಿಗೆ ಒಣಗುವುದನ್ನು ಎದುರು ಮನೆಯಾಕೆ ನೋಡಿದರು. ಅವರು ನೋಡದೆ ಬಿಟ್ಟದ್ದು ನಮ್ಮ ಬೀದಿಯಲ್ಲಿ ಏನೂ ಇಲ್ಲ. ಒಂದು ಸಂಜೆ ನಾನು ಬಸ್ಸಿಳಿದು ಬರುತ್ತಿದ್ದಾಗ ಗೇಟಿನ ಹತ್ತಿರ ನಿಲ್ಲಿಸಿದರು.

"ಏನ್ ಟೀಚರಮ್ಮ, ದಿನಾ ಹಾಸಿಗೆ ಒಣಗಾಕ್ತಿದೀರಾ?" ಎಂದರು. ನಾನು ಉತ್ತರ ಹುಡುಕುತ್ತಿದ್ದಂತೆ ದನಿ ತಗ್ಗಿಸಿ, ಮುಖದ ತುಂಬ ಕನಿಕರ ತುಂಬಿಕೊಂಡು, "ಅಮ್ಮೋರಿಗೆ... ರಾತ್ರಿ ಹೊತ್ತು ತಡೆಯಕ್ಕಾಗ್ತಿಲ್ವಾ? ವಯಸ್ಸಾಯ್ತಲ್ಲ. ನಮ್ಮತ್ತೇಗೂ ಅಂಗೇ ಆಗಿತ್ತು ಕಣ್ರೀ. ನೀವು ತುಂಬಾ ತಾಳ್ಮೆಯೋರು ಬುಡಿ," ಎಂದರು.

ನಾನು ಇಲ್ಲ ಎನ್ನಬೇಕಿತ್ತು. ನನ್ನ ಅತ್ತೆ ಎಪ್ಪತ್ತು ದಾಟಿದರೂ ನಮ್ಮಿಬ್ಬರಿಗಿಂತ ಗಟ್ಟಿ, ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕುವವರು. ಆದರೆ ಇಲ್ಲ ಎಂದರೆ ಮುಂದಿನ ಪ್ರಶ್ನೆ, ಮತ್ತೆ ಹಾಸಿಗೆ ಯಾಕೆ ಒಣಗಿಸುತ್ತೀರಿ ಎಂಬುದು. ನಾನು ನೆಲ ನೋಡಿ ಒಂದು ಸಣ್ಣ ನಗೆ ನಕ್ಕು, "ಏನ್ಮಾಡೋದು," ಎಂದೆ. ಅಷ್ಟೇ ಅಂದದ್ದು. ಸುಳ್ಳು ಹೇಳಲಿಲ್ಲ ಎಂದು ಮನೆಗೆ ಬಂದು ಸಮಾಧಾನ ಮಾಡಿಕೊಂಡೆ. ಮಕ್ಕಳಿಗೆ ಸತ್ಯದ ಬಗ್ಗೆ ಪಾಠ ಮಾಡುವವಳು ನಾನು. ಗಣಿತದಲ್ಲಾದರೆ ಪರವಾಗಿಲ್ಲ, ಉತ್ತರ ತಪ್ಪಿದರೆ ತಪ್ಪು ಎಂದು ಕಾಣಿಸುತ್ತದೆ.

ಗೌರಿ ಹಬ್ಬ ಬಂತು. ನನ್ನ ತವರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ಹಳ್ಳಿ. ಅಲ್ಲಿ ನನ್ನ ಅಣ್ಣ ಹೊಗೆಸೊಪ್ಪು ಬೆಳೆಯುತ್ತಾನೆ. ಹೊಲದಲ್ಲಿ ಕಿತ್ತ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರದ ಮನೆಯೊಳಗೆ ಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ ದಿನಗಟ್ಟಲೆ ಬೇಯಿಸುತ್ತಾರೆ. ಆ ಕಾಲದಲ್ಲಿ ಬ್ಯಾರನ್ ಬಿಟ್ಟು ಅಲ್ಲಾಡುವುದು ಕಷ್ಟ. ಆದರೂ ನನ್ನ ಅಣ್ಣ ಗೌರಿ ಹಬ್ಬಕ್ಕೆ ಬಾಗಿನ ತರುವುದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ಬಂದು, ಉಂಡು, ದಿವಾನದ ಮೇಲೆ ಮಲಗಿ, ಮಾರನೇ ದಿನ ಮೊದಲ ಬಸ್ಸಿಗೆ ಹೋಗುವುದು ಅವನ ಪದ್ಧತಿ.

ಆ ವರ್ಷವೂ ಬಂದ. ಒಬ್ಬಟ್ಟು ಉಂಡ. ಕೈ ಒರೆಸಿಕೊಳ್ಳುತ್ತ ದಿವಾನದ ಕಡೆ ನಡೆದ. ನಾನು ಓಡಿ ಅಡ್ಡ ನಿಂತೆ.

"ಅಣ್ಣ, ಮಳೆ ಬರೋ ಹಾಗಿದೆ, ಬೇಗ ಹೊರಟ್ರೆ ಒಳ್ಳೇದಲ್ವಾ?"

"ಒಂದ್ ಗಳ್ಗೆ ಒರಿಕ್ಕತೀನಿ ಕಣವ್ವ. ಬ್ಯಾರನ್ ಮುಂದೆ ಕುಂತು ಕುಂತು ಸೊಂಟ ಇಡ್ಕಂಡದೆ. ಬೆಳಿಗ್ಗೆ ಓಯ್ತೀನಿ ಬುಡು."

"ದಿವಾನದ ಕಾಲು ಮುರ್ದಿದೆ."

ಅಣ್ಣ ಬಗ್ಗಿ ನೋಡಿದ. "ನಾಕ್ ಕಾಲೂ ನೆಟ್ಗೇ ಅವಲ್ಲ? ಬೋಗುಣೀಲಿ ನೀರ್ಯಾಕ್ ಮಡ್ಗಿದ್ದೀಯ?"

"ಇರುವೆ ಬರ್ತವೆ ಅಂತ."

"ದಿವಾನ ತಿನ್ನೋ ಇರುವೆ ಯಾವ್ದವ್ವಾ?"

ನನ್ನ ಗಂಡ ಪತ್ರಿಕೆಯ ಹಿಂದೆ ಮುಖ ಮರೆಮಾಡಿಕೊಂಡಿದ್ದರು. ಪತ್ರಿಕೆ ತಲೆಕೆಳಗಾಗಿತ್ತು. ಅಣ್ಣ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅವನ ಮುಖ ಇಳಿಯಿತು.

"ಸರಿ ಬುಡು," ಎಂದ. "ಅಪ್ಪ ಅವ್ವ ಓದ್ಮೇಲೆ ನಾನೇನ್ ದೊಡ್ ಮನ್ಸ ಅಂತ ಬತ್ತಿರ್ಲಿಲ್ಲ. ನಮ್ ತಂಗಿ ಮನೆ ಅಂತ ಬತ್ತಿದ್ದೆ. ಒಂದೊತ್ತು ಮಲಿಕ್ಕಳಕ್ಕೂ ನಾ ಭಾರ ಆಗಿದ್ರೆ ಬಾಯ್ಬುಟ್ಟು ಏಳು."

ನಾನು ದಿವಾನಕ್ಕೆ ಬೆನ್ನು ಕೊಟ್ಟು ಅಲ್ಲೇ ನಿಂತಿದ್ದೆ. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಅದೇ ಹೊತ್ತಿಗೆ ಎದುರು ಮನೆಯಾಕೆ ಅರಿಶಿನ ಕುಂಕುಮಕ್ಕೆ ಬಂದರು. ಕೈಯಲ್ಲಿ ಒಂದು ದಪ್ಪ ಕವರು.

ಕುಂಕುಮ ಇಟ್ಟುಕೊಂಡು, ಹೂವು ಮುಡಿದು, ಅವರು ನೇರವಾಗಿ ನಡುಮನೆಯಲ್ಲಿ ಕೂತಿದ್ದ ಅತ್ತೆಯ ಹತ್ತಿರ ಹೋಗಿ ಕುರ್ಚಿ ಎಳೆದು ಕೂತರು. "ಅಮ್ಮೋರೇ, ಬೇಜಾರ್ ಮಾಡ್ಕೋಬ್ಯಾಡಿ. ನಮ್ಮತ್ತೇಗ್ ತಂದಿದ್ವು, ಅವ್ರು ಓದ್ಮೇಲೆ ಅಂಗೇ ಉಳ್ಕಂಡವೆ. ರಾತ್ರಿ ಆಕ್ಕಂಡ್ ಮಲಗಿದ್ರೆ ಹಾಸಿಗೆ ನೆನೆಯಲ್ಲ. ಪಾಪ, ಟೀಚರಮ್ಮ ದಿನಾ ತಾರ್ಸಿ ಮೇಲೆ ಒತ್ಕಂಡ್ ಓಯ್ತಾರೆ," ಎಂದು ಕವರಿನಿಂದ ದೊಡ್ಡವರ ಡಯಾಪರ್ ತೆಗೆದು ತೋರಿಸಿದರು.

ಅತ್ತೆ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ನನ್ನ ಕಡೆ ನೋಡಿದರು. ನಾನು ಆ ನೋಟವನ್ನು ಬರೆಯಲಾರೆ.

ಎದ್ದವರೇ ಡಯಾಪರ್ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು, ಹಬ್ಬದ ದಿನ ಹೊಸ ಸೀರೆಯುಟ್ಟು ಮನೆಮನೆಗೆ ಓಡಾಡುತ್ತಿದ್ದ ಬೀದಿಯ ಹೆಂಗಸರೆಲ್ಲ ಕೇಳುವಂತೆ ಕೂಗಿದರು.

"ನಾನು ಹಾಸ್ಗೇಲಿ ಒಯ್ಕಳಲ್ಲ ಕಣ್ರವ್ವಾ! ನಾನು ಮಲ್ಗಾದು ಚಾಪೆ ಮ್ಯಾಲೆ! ನಮ್ಮನೇಲಿ ತಿಗ್ಣೆ ಅವೆ ತಿಗ್ಣೆ! ಬೇಕಾರೆ ಬಂದು ನೋಡ್ಕಳಿ!"

ನಾವು ತಿಂಗಳಿಗೂ ಮೀರಿ ಬೆನ್ನು ಮುರಿದು ಕಾಪಾಡಿದ್ದ ಗುಟ್ಟು ಒಂದೇ ಉಸಿರಿನಲ್ಲಿ ಮುಗಿಯಿತು. ಎದುರು ಮನೆಯಾಕೆ ತಾವು ಕೂತಿದ್ದ ಕುರ್ಚಿಯಿಂದ ಬೆಚ್ಚಿ ಎದ್ದು, ಸೀರೆ ಒದರಿಕೊಳ್ಳುತ್ತ ಹೊರಟರು. ತಾಂಬೂಲ ಮರೆತೇ ಹೋದರು.

ಆಮೇಲೆ ಕೇಳಿಸಿದ್ದು ನಗು. ನನ್ನ ಅಣ್ಣ ಮೆಟ್ಟಿಲ ಮೇಲೆ ಕೂತು, ಒಂದು ಕಾಲಿಗೆ ಮಾತ್ರ ಚಪ್ಪಲಿ ಇದ್ದ ಹಾಗೇ, ಹೊಟ್ಟೆ ಹಿಡಿದು ನಗುತ್ತಿದ್ದ. ಕಣ್ಣಲ್ಲಿ ನೀರು.

"ಅಷ್ಟೇನಾ? ಥೂ ನಿನ್ನ! ನಾನು ಏನೇನೋ ಅನ್ಕಂಡ್ನಲ್ಲವ್ವ. ತಿಗ್ಣೆ ತಾನೆ? ಬೇಯ್ಸಿಬುಡಾಣ."

"ಬೇಯ್ಸೋದಾ?" ಎಂದೆ.

"ಬ್ಯಾರನ್ ಯಾತುಕ್ ಅದೆ? ಈ ಸೊಪ್ಪು ಇಳ್ಸಿದ್ಮೇಲೆ ಒಂದಿನ ಖಾಲಿ ಇರ್ತದೆ. ಮಂಚ, ಹಾಸ್ಗೆ, ದಿಂಬು ಎಲ್ಲಾ ತನ್ನಿ. ಸೊಪ್ಪೇ ಒಣಗಿ ಗರಿಗರಿ ಆಗೋ ಶಾಖದಲ್ಲಿ ತಿಗ್ಣೆ ಉಳ್ಕತವಾ?"

ಪತ್ರಿಕೆ ಕೆಳಗೆ ಬಿತ್ತು. ನನ್ನ ಗಂಡ ಎದ್ದು ನಿಂತಿದ್ದರು. "ಭಾವ! ಐವತ್ತು ಡಿಗ್ರಿ ದಾಟಿ ಕೆಲವು ಗಂಟೆ ನಿಂತ್ರೆ ಮೊಟ್ಟೆ ಸಮೇತ ಸಾಯ್ತವೆ! ಇದು ನನಗೆ ಹೊಳೀಲೇ ಇಲ್ಲವಲ್ಲ!" ಎಂದರು. ಅವರಿಗೆ ಹೊಳೆಯಲಿಲ್ಲ ಎಂಬುದರಲ್ಲಿ ನಮಗ್ಯಾರಿಗೂ ಆಶ್ಚರ್ಯವಾಗಲಿಲ್ಲ.

ಮುಂದಿನ ಶನಿವಾರ ಒಂದು ಗೂಡ್ಸ್ ಆಟೋ ಮಾತಾಡಿದೆವು. ಮಂಚ ಕಳಚಿ, ಹಾಸಿಗೆ, ದಿವಾನ, ದಿಂಬು, ರಗ್ಗು, ಕಿಟಕಿ ಪರದೆ, ನನ್ನ ಸೀರೆಗಳ ಟ್ರಂಕು, ಎಲ್ಲವನ್ನೂ ಭತ್ತ ಮುಚ್ಚುವ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹೇರಿದೆವು. ಅದೇ ದಿನ ಮನೆಗೆ ಔಷಧಿ ಹೊಡೆಯಲು ಮೈಸೂರಿನಿಂದ ಒಬ್ಬನನ್ನು ಕರೆಸಿದ್ದರಿಂದ ನನ್ನ ಗಂಡ ಮನೆಯಲ್ಲೇ ಉಳಿದರು. ನಾನು ಡ್ರೈವರ್ ಪಕ್ಕ ಕೂತೆ. ಅತ್ತೆ ಭೇರ್ಯದ ಕಡೆಯ ತಮ್ಮ ಕಿರಿಯ ಮಗನ ಮನೆಗೆ ಹೊರಟು ನಿಂತಿದ್ದರು. ಹಬ್ಬದ ದಿನದಿಂದ ನನ್ನೊಡನೆ ಅವರು ಮಾತು ಬಿಟ್ಟಿದ್ದರು. ಹೇಳುವುದೇನಿದ್ದರೂ ಮಗನ ಮೂಲಕ. "ಅವ್ಳಿಗ್ ಏಳ್ಲಾ, ಟ್ರಂಕಿನ ಬೀಗ ತಗ್ದು ಕಳ್ಸು ಅಂತ," ಎಂದರು. ನಾನು ಅವರ ಮುಂದೆಯೇ ನಿಂತಿದ್ದೆ.

ಹುಣಸೂರಿನಲ್ಲಿ ಡ್ರೈವರು ಟೀಗೆ ನಿಲ್ಲಿಸಿದ. ನಾನು ಇಳಿಯದೆ ಕೂತಿದ್ದೆ. ಆದರೂ ಕಣ್ಣಿಗೆ ಬೀಳಬೇಕಾದವರು ಬಿದ್ದರು. ಹಿಂದೆ ನನ್ನ ಜೊತೆ ಕೆಲಸ ಮಾಡಿದ್ದ ಡ್ರಿಲ್ ಮೇಷ್ಟ್ರು. "ಏನ್ ಮೇಡಂ, ಟ್ರಾನ್ಸ್‌ಫರ್ರಾ? ಯಾವೂರ್ಗೆ?" ಎಂದರು. "ಇಲ್ಲ ಸರ್, ಮಂಚ ಪಾಲಿಶ್ ಮಾಡ್ಸೋಣ ಅಂತ," ಎಂದೆ. ಹಾಳೆಯ ಹರಕಿನಲ್ಲಿ ಇಣುಕಿದ್ದ ದಿಂಬು ನೋಡಿ, "ದಿಂಬಿಗೂನಾ?" ಎಂದರು.

ತವರಿನಲ್ಲಿ ಅತ್ತಿಗೆ ಅಂಗಳದಲ್ಲೇ ಕಾದಿದ್ದಳು. ಪ್ರತಿ ಸಲ ಆರತಿ ಎತ್ತುವಷ್ಟು ಸಂಭ್ರಮದಿಂದ ಒಳಗೆ ಕರೆಯುವವಳು ಈ ಸಲ ಎರಡೂ ಕೈ ಚಾಚಿ ತಡೆದಳು. "ಅಲ್ಲೇ ನಿಂತ್ಕೊ ಕಣಮ್ಮಿ! ಮನೆ ಬಾಗ್ಲಿಗ್ ಬರ್ಬ್ಯಾಡ!" ಎಂದು, ತನ್ನದೊಂದು ಸೀರೆಯನ್ನು ದೂರದಿಂದ ಎಸೆದು, ಕೊಟ್ಟಿಗೆಯಲ್ಲಿ ಬಟ್ಟೆ ಬದಲಿಸಲು ಕಳಿಸಿದಳು. ನಾನು ಬಿಚ್ಚಿಟ್ಟ ಸೀರೆಯನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಬ್ಯಾರನ್ನಿಗೆ ಒಯ್ದಳು. ಹಸು ನನ್ನನ್ನು ಕನಿಕರದಿಂದ ನೋಡಿತು. ಆ ದಿನ ನನಗೆ ಸಿಕ್ಕ ಸತ್ಕಾರದಲ್ಲಿ ಅದೇ ಒಳ್ಳೆಯದು.

ಬ್ಯಾರನ್ನಿನೊಳಗೆ ಕಡ್ಡಿಗಳನ್ನು ಇಡುವ ತೊಲೆಗಳ ಮೇಲೆ ಅಣ್ಣ ನಮ್ಮ ಸಂಸಾರವನ್ನು ನೇತುಹಾಕಿದ. ನೆಲದಲ್ಲಿ ಒಲೆಯ ಶಾಖ ಹರಿಯುವ ಕೊಳವೆಗಳಿಗೆ ತಾಗದಂತೆ ಮಂಚದ ಪಟ್ಟಿಗಳನ್ನು ಮೇಲಿನ ಸಾಲಿಗೆ ಏರಿಸಿದ. ಬಾಗಿಲು ಮುಚ್ಚಿ, ಹೊರಗಿನ ಒಲೆಗೆ ಬೆಂಕಿ ಕೊಟ್ಟ. ಅಷ್ಟರಲ್ಲಿ ಊರು ಸೇರಿತ್ತು.

"ಏನ್ಲಾ, ಇದ್ಯಾವ ಹೊಸ ತಳಿ?" ಎಂದ ಒಬ್ಬ.

"ಕೆ.ಆರ್. ನಗರದ ತಳಿ ಕಣ್ಲಾ. ರಕ್ತ ಕುಡ್ದು ಬೆಳೀತದೆ," ಎಂದ ಅಣ್ಣ.

"ಸೊಪ್ಪಿನ್ ಹರಾಜಿಗ್ ತಗಂಡೋಗು. ಒಳ್ಳೆ ಗ್ರೇಡ್ ಆಕ್ತಾರೆ," ಎಂದ ಇನ್ನೊಬ್ಬ.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಮೇಲೆ ನನಗೂ ನಗು ಬಂತು. ಎರಡು ತಿಂಗಳಲ್ಲಿ ಮೊದಲ ಸಲ. ಅವರಲ್ಲೊಬ್ಬ ಮುದುಕ ತಾನು ಚಿಕ್ಕವನಿದ್ದಾಗ ಊರಿನ ಪ್ರತಿ ಮನೆಯಲ್ಲೂ ತಿಗಣೆ ಇದ್ದವು, ಹೆಣ್ಣು ನೋಡಲು ಬಂದವರನ್ನೂ ಕಚ್ಚುತ್ತಿದ್ದವು, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಎಂದ. ನಾನು ಸತ್ತೇ ಹೋಗುತ್ತೇನೆ ಎಂದುಕೊಂಡಿದ್ದ ಅವಮಾನಕ್ಕೆ ಆ ಊರಿನಲ್ಲಿ ಒಂದು ಬೀಡಿಯ ಹೊತ್ತಿನ ಬೆಲೆಯೂ ಇರಲಿಲ್ಲ.

ನನ್ನ ಗಂಡ ಫೋನು ಮಾಡಿ ಮಾಡಿ ಉಷ್ಣಾಂಶ ಕೇಳುತ್ತಿದ್ದರು. ಅಣ್ಣ ಗಾಜಿನ ಕಿಂಡಿಯಲ್ಲಿ ಇಣುಕಿ ಥರ್ಮಾಮೀಟರ್ ಓದಿ ಹೇಳುತ್ತಿದ್ದ. ನಾಲ್ಕನೇ ಸಲಕ್ಕೆ, "ಭಾವ, ನಾನು ಅಪ್ಪನ ಕಾಲದಿಂದ ಬೇಯ್ಸ್ತಾ ಇದೀನಿ, ನೀವು ಮಲಿಕ್ಕಳಿ," ಎಂದು ಇಟ್ಟುಬಿಟ್ಟ.

ಮಾರನೇ ಬೆಳಿಗ್ಗೆ ಬಾಗಿಲು ತೆಗೆದು, ಶಾಖ ಆರಿದ ಮೇಲೆ ಹಾಸಿಗೆಯನ್ನು ಅಂಗಳದಲ್ಲಿ ಕೋಲಿನಿಂದ ಬಡಿದೆವು. ಒಣಗಿದ ತಿಗಣೆಗಳು ಹೊಟ್ಟಿನ ಹಾಗೆ ಉದುರಿದವು. ಅತ್ತಿಗೆಯ ಕೋಳಿಗಳು ಓಡಿ ಬಂದವು. ನಾನು ಪ್ರತಿ ಹೊಲಿಗೆಯನ್ನೂ ಬೆರಳಿನಲ್ಲಿ ಬಿಡಿಸಿ ಹುಡುಕಿದೆ. ಅಲ್ಲಾಡುವುದು ಒಂದೂ ಇರಲಿಲ್ಲ.

ನಷ್ಟವೂ ಆಗದೆ ಇರಲಿಲ್ಲ. ಬೂರುಗದ ಹತ್ತಿಯ ಹಳೆ ಹಾಸಿಗೆ ಪೂರಿಯಂತೆ ಉಬ್ಬಿ ಹೊಸದಕ್ಕಿಂತ ಚೆನ್ನಾಯಿತು. ನನ್ನ ಗಂಡ ಕಂತಿನಲ್ಲಿ ಕೊಂಡು ತಂದಿದ್ದ ದುಬಾರಿ ಸ್ಪಂಜಿನದು ಒಂದು ಕಡೆ ಕುಸಿದು ಕೂತಿತು. ಇವತ್ತಿಗೂ ಅದರ ಮೇಲೆ ಮಲಗಿದವರು ಬೆಳಗಾಗುವ ಹೊತ್ತಿಗೆ ಗೋಡೆಯ ಕಡೆ ಉರುಳಿರುತ್ತಾರೆ. ದಿವಾನದ ರೆಕ್ಸಿನ್ ಸುಲಿದು ಬಂತು. ಮತ್ತೆ ವಾಸನೆ. ಹಾಸಿಗೆ, ದಿಂಬು, ಸೀರೆ, ಪರದೆ, ಎಲ್ಲಕ್ಕೂ ಹೊಗೆಸೊಪ್ಪಿನ ವಾಸನೆ ಇಳಿದಿತ್ತು. ಸೋಮವಾರ ಸ್ಟಾಫ್ ರೂಮಿಗೆ ಹೋದರೆ ಹೆಡ್‌ಮಾಸ್ಟರು ಮೂಗರಳಿಸಿ ಕಿಟಕಿ ಕಡೆ ನೋಡಿದರು. ಹತ್ತನೇ ತರಗತಿಯ ಹುಡುಗಿಯರು ಮುಖಮುಖ ನೋಡಿಕೊಂಡರು. ತಂಬಾಕಿನ ದುಷ್ಪರಿಣಾಮ ಕುರಿತ ಪ್ರತಿಜ್ಞೆಯನ್ನು ಮಕ್ಕಳಿಗೆ ಬೋಧಿಸುವ ಸರದಿ ಆ ವಾರ ನನ್ನದೇ ಆಗಿತ್ತು.

ಮನೆಯಲ್ಲಿ ಔಷಧಿ ಹೊಡೆಯಲು ಬಂದವನ ಕಥೆ ಬೇರೆ. ತನ್ನ ಕಾರಿನ ಬಾಗಿಲ ಮೇಲೆ ಕೋಳಿಮೊಟ್ಟೆಯಷ್ಟು ದೊಡ್ಡ ತಿಗಣೆಯ ಚಿತ್ರ ಬಿಡಿಸಿಕೊಂಡು ಬಂದಿದ್ದನಂತೆ. ಅತ್ತೆ ಈಗಾಗಲೇ ಸಾರಿದ್ದರಿಂದ ಅದರ ಅಗತ್ಯ ಇರಲಿಲ್ಲ. ನನ್ನ ಗಂಡ ಅವನ ಹಿಂದೆಯೇ ಕೋಣೆಯಿಂದ ಕೋಣೆಗೆ ತಿರುಗಿ ಸಿಂಪಡಣೆಯ ಶಾಸ್ತ್ರ ಹೇಳಿದರಂತೆ. ಕೊನೆಗೆ ಅವನು ಕೊಳವೆಯನ್ನು ಅವರ ಕೈಗೆ ಕೊಟ್ಟು, "ನೀವೇ ಹೊಡೀರಿ ಸಾರ್, ನಾನು ನೋಡ್ಕಂಡ್ ಕಲೀತೀನಿ," ಎಂದನಂತೆ. ಇವರಿಗೆ ಅದು ಹೊಗಳಿಕೆ ಎಂದೇ ಇವತ್ತಿಗೂ ನಂಬಿಕೆ. ಎರಡು ವಾರದ ಮೇಲೆ ಅವನು ಇನ್ನೊಮ್ಮೆ ಬಂದು ಹೊಡೆದ. ಗೋಡೆಯ ಬಿರುಕುಗಳಿಗೆ ನಾವು ಬಿಳಿ ಸಿಮೆಂಟು ತುಂಬಿದೆವು. ಆಮೇಲೆ ಯಾರ ಮೈಮೇಲೂ ಗಂಧೆ ಏಳಲಿಲ್ಲ.

ಅತ್ತೆಯ ಮೌನ ಮಾತ್ರ ಉಳಿದಿತ್ತು. ಅವರು ಊರಿನಿಂದ ವಾಪಸ್ಸು ಬಂದ ದಿನ ಹಿತ್ತಲಲ್ಲಿ ಅಲಸಂದೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನೂ ಹೋಗಿ ಎದುರು ಕೂತು ಒಂದು ಹಿಡಿ ತೆಗೆದುಕೊಂಡೆ. ತಪ್ಪಾಯಿತು ಎಂದೆ.

"ತಿಗ್ಣೆ ಅಂದ್ರೆ ನಿನ್ ಮಾನ ಓಯ್ತದೆ," ಎಂದರು, ತಲೆ ಎತ್ತದೆ. "ಒಯ್ಕತಾಳೆ ಅಂದ್ರೆ ನನ್ ಮಾನ ಓಯ್ತದೆ. ಮುದ್ಕಿ ತಾನೆ, ಇವಳ್ದು ಓದ್ರೆ ಓಗ್ಲಿ ಅನ್ಕಂಡ್ಯಾ?"

ಹೌದು, ಹಾಗೇ ಅಂದುಕೊಂಡಿದ್ದೆ. ಅಷ್ಟು ಬಿಡಿಸಿ ಯೋಚಿಸಿರಲಿಲ್ಲ, ಆದರೆ ಅಂದುಕೊಂಡಿದ್ದು ಅದೇ. ಅಂದು ಸಂಜೆ ನಾನೇ ಎದುರು ಮನೆಗೆ ಹೋಗಿ, ಅವತ್ತು ನೀವು ಕೇಳಿದಾಗ ನಾನು ಬೇಕೆಂದೇ ಸುಮ್ಮನಿದ್ದೆ, ತಪ್ಪು ನನ್ನದು ಎಂದು ಹೇಳಿ ಬಂದೆ. ಹೇಳುವಾಗ ಕಿವಿ ಬಿಸಿಯಾಗಿತ್ತು. ಆಕೆ ಬಾಗಿಲಲ್ಲೇ ನಿಂತು ಕೇಳಿದರು, ಒಳಗೆ ಕರೆಯಲಿಲ್ಲ. ನಮ್ಮ ಮನೆಯ ಯಾರೂ ತಮ್ಮ ಕುರ್ಚಿಯ ಮೇಲೆ ಕೂರುವುದನ್ನು ಅವರು ಇನ್ನೂ ಒಪ್ಪಿರಲಿಲ್ಲ. ನಾನು ತಿರುಗಿ ಬಂದಾಗ ಅತ್ತೆ, "ಸಾರಿಗ್ ಒಗ್ಗರಣೆ ಆಕು, ನಾ ಮುದ್ದೆ ತಿರುವ್ತೀನಿ," ಎಂದರು. ನನಗೇ ಹೇಳಿದ್ದು. ಮಗ ಮನೆಯಲ್ಲಿರಲಿಲ್ಲ.

ದಸರಾ ರಜೆಗೆ ಮಗಳು ಬಂದಳು. ಬ್ಯಾಗು ಇಳಿಸುವ ಮೊದಲೇ ನನ್ನನ್ನೂ ಅವರಪ್ಪನನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿದಳು. ಊಟಕ್ಕೆ ಕೂತಾಗಲೂ ಇಬ್ಬರ ಮುಖವನ್ನೇ ನೋಡುತ್ತಿದ್ದಳು. ಅವತ್ತು ಬದನೆಕಾ­ಯಿ ಎಣ್ಣೆಗಾಯಿ ಮಾಡಿದ್ದೆ. ಅವರಪ್ಪ ಎರಡು ಸಲ ಹಾಕಿಸಿಕೊಂಡು ಉಂಡರು.

"ಅಮ್ಮ, ಪರಿಸ್ಥಿತಿ ಸರಿಯಿಲ್ಲ ಅಂದ್ಯಲ್ಲ, ಏನಾಗಿತ್ತು?" ಎಂದು ಕೊನೆಗೆ ಕೇಳಿದಳು. "ನಿಜ ಹೇಳು. ನೀವಿಬ್ರೂ ಬೇರೆ ಆಗ್ತಿದೀರಾ? ಎರಡು ತಿಂಗಳಿಂದ ನನಗೆ ಓದೋಕೇ ಆಗ್ತಿಲ್ಲ."

ನಾನು ಹೇಳಿದೆ. ಗಂಧೆಯಿಂದ ಹಿಡಿದು ಡಯಾಪರ್‌ವರೆಗೆ, ನನ್ನ ಸಣ್ಣ ನಗೆಯನ್ನೂ ಬಿಡದೆ. ಅವಳು ಅರ್ಧ ನಕ್ಕಳು, ಅರ್ಧ ಅತ್ತಳು. "ಒಂದು ತಿಗಣೆ ಅಂತ ಹೇಳೋಕೆ ಏನಮ್ಮ ಕಷ್ಟ? ನಮ್ಮ ಹಾಸ್ಟೆಲಲ್ಲಿ ಹೋದ ವರ್ಷದಿಂದ ಇವೆ," ಎಂದಳು.

ನಾವು ಮೂವರೂ ಒಟ್ಟಿಗೆ ಎದ್ದು ನಿಂತೆವು. ಅತ್ತೆ ಅವಳ ಬ್ಯಾಗನ್ನು ಎತ್ತಿ ಅಂಗಳಕ್ಕೆ ಇಟ್ಟರು, ನನ್ನ ಗಂಡ ಭೂತಗನ್ನಡಿ ಹುಡುಕಿದರು, ನಾನು ಅಣ್ಣನಿಗೆ ಫೋನು ಮಾಡಿದೆ.